ನಕ್ಷೆಯಲ್ಲಿ ಗೆರೆಯಿತ್ತು, ಹೊಳೆಯ ಮೇಲೆ ಸಂಕವಿತ್ತು

ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟದಲ್ಲಿ ಲಾರಿಗಳ ನಡುವೆ ಸೈಕಲ್ ತುಳಿದು ಬೇಸತ್ತು, ಊರೊಳಗಿನ ಮಣ್ಣುರಸ್ತೆಗಳನ್ನೂ ಕಾಲುಹಾದಿಗಳನ್ನೂ ಹುಡುಕಲು ನಾನು, ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಮೊರೆಹೋದೆ. 2004ರಲ್ಲಿ ಆರಂಭವಾದ ಈ ನಕ್ಷೆಯಲ್ಲಿ ಕಣ್ಣಿಗೆ ಕಾಣುವ ಚಿತ್ರದ ಜೊತೆಗೆ ಅದರ ಹಿಂದಿನ ದತ್ತಾಂಶವೂ ಎಲ್ಲರಿಗೂ ಮುಕ್ತವಾಗಿದೆ. ಒಂದು ಗೆರೆ 'ಟ್ರ್ಯಾಕ್' (ಗಾಡಿದಾರಿ) ಆಗಿದೆಯೋ 'ಪಾತ್' (ಕಾಲುಹಾದಿ) ಆಗಿದೆಯೋ, ನೆಲ ಡಾಂಬರೋ ಮಣ್ಣೋ ಎಂಬುದನ್ನು ಅದಕ್ಕೆ ಅಂಟಿಸಿದ ವಿವರಚೀಟಿಗಳಾದ ಟ್ಯಾಗ್‌ಗಳಲ್ಲಿ ಓದಿಕೊಳ್ಳಬಹುದು, ಗೆರೆ ಎಳೆದವರು ಬರೆದಿದ್ದರೆ. ನಾನು ನೋಡಿದ ತೋಟದ ದಾರಿಗಳಲ್ಲಿ ಬಹಳಷ್ಟಕ್ಕೆ ಯಾರೂ ಬರೆದಿರಲಿಲ್ಲ.

ಮಾರ್ಗ ಹಾಕಲು, ಈ ನಕ್ಷೆಯ ಮೇಲೆ ದಾರಿ ಹುಡುಕಿಕೊಡುವ ಬಿ-ರೌಟರ್ ಎಂಬ ತಂತ್ರಾಂಶ ಬಳಸುತ್ತೇನೆ. ಯಾವ ಬಗೆಯ ರಸ್ತೆಗೆ ಎಷ್ಟು ದಂಡ (ದಂಡ ಹೆಚ್ಚಾದಷ್ಟೂ ತಂತ್ರಾಂಶ ಆ ರಸ್ತೆಯನ್ನು ತಪ್ಪಿಸುತ್ತದೆ), ಏರಿಗೆಷ್ಟು, ಇಳಿಜಾರಿಗೆಷ್ಟು ಎಂಬುದೆಲ್ಲ ಅದರಲ್ಲಿ ಒಂದು ಸಾಮಾನ್ಯ ಪಠ್ಯಕಡತದಲ್ಲಿದ್ದು, ನಾವೇ ತಿದ್ದಿಕೊಳ್ಳಬಹುದು. ಹೆದ್ದಾರಿಗೆ ದಂಡ ಹೆಚ್ಚಿಸಿದ ಕೂಡಲೇ ಅದು ನನ್ನನ್ನು ಅಡಿಕೆ ತೋಟಗಳ ನಡುವೆ ಕರೆದೊಯ್ಯುವ ಸೊಗಸಾದ ಒಳದಾರಿಯೊಂದನ್ನು ತೋರಿಸಿತು.

ಸೆಪ್ಟೆಂಬರ್‌ನಲ್ಲಿ ಹೋದೆ. ದಾರಿ ತೋಟದ ಕೆಳಗಿನ ಹೊಳೆಗೆ ಇಳಿದಲ್ಲಿ ಸೇತುವೆಯ ಬದಲು ಒಂದು ಸಂಕವಿತ್ತು: ಎರಡು ಅಡಿಕೆ ಮರದ ದಬ್ಬೆ, ಹಿಡಿಯಲು ಒಂದೇ ಬಿದಿರು, ಮೇಲೆಲ್ಲ ಪಾಚಿ. ಕೆಳಗೆ ಕೆಂಪು ನೀರು ತುಂಬಿ ಹರಿಯುತ್ತಿತ್ತು. ಸೈಕಲ್ಲನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟು, ಮೂರನೆಯದನ್ನು ಹಿಂದಕ್ಕೆ ಇಟ್ಟೆ. ಕಾಲಿಗೆ ಹತ್ತಿದ ಉಂಬಳಗಳನ್ನು ಕೀಳುತ್ತ ಬಂದ ದಾರಿಯಲ್ಲೇ ಮರಳಿದೆ. ಮನೆಗೆ ಬಂದು ನೋಡಿದರೆ, ಬೇಸಿಗೆಯ ಉಪಗ್ರಹ ಚಿತ್ರದಲ್ಲಿ ಬತ್ತಿದ ಹೊಳೆಯನ್ನು ದಾಟಿದ ಚಕ್ರದ ಗುರುತನ್ನೇ ಯಾರೋ ಗೆರೆಯಾಗಿ ಎಳೆದಿದ್ದರು; ದಾರಿಯ ಗೆರೆಯೂ ಹೊಳೆಯ ಗೆರೆಯೂ ಕೂಡುವಲ್ಲಿ 'ಬ್ರಿಡ್ಜ್' ಎಂದೂ ಇರಲಿಲ್ಲ, 'ಫೋರ್ಡ್' (ನೀರಿಗಿಳಿದೇ ದಾಟುವ ಜಾಗ) ಎಂದೂ ಇರಲಿಲ್ಲ. ಈಗ ಹೊರಡುವ ಮುನ್ನ ನನ್ನ ಮಾರ್ಗ ನೀರಿನ ಗೆರೆಯನ್ನು ಕತ್ತರಿಸುವ ಪ್ರತಿಯೊಂದು ಜಾಗವನ್ನೂ ಹಿಗ್ಗಿಸಿ ನೋಡುತ್ತೇನೆ, ಎರಡೂ ಟ್ಯಾಗ್ ಇಲ್ಲದಿದ್ದರೆ ಮಳೆಗಾಲದಲ್ಲಿ ಅದನ್ನು ಮುಚ್ಚಿದ ದಾರಿ ಎಂದೇ ಎಣಿಸುತ್ತೇನೆ.

ಏರಿನ ಲೆಕ್ಕವನ್ನೂ ನಾನು ಅರ್ಧಂಬರ್ಧ ನಂಬುತ್ತೇನೆ. ಇಂಥ ತಂತ್ರಾಂಶಗಳು ನೆಚ್ಚಿಕೊಂಡಿರುವ ಎತ್ತರದ ಮಾಹಿತಿ ಹೆಚ್ಚಾಗಿ 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ರೇಡಾರ್ ಅಳತೆ. ಅದರ ಅತಿ ಸೂಕ್ಷ್ಮ ಚೌಕವೂ ಸುಮಾರು 30 ಮೀಟರ್ ಅಗಲದ್ದು, ಮೇಲಾಗಿ ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲವನ್ನು ಪೂರ್ತಿ ತಲುಪದೆ ಮರಗಳ ಎತ್ತರವನ್ನೂ ಸೇರಿಸಿಕೊಳ್ಳುತ್ತದೆ. ಹೀಗಾಗಿ ಘಟ್ಟದ ಮಟ್ಟಸವಾದ ತಿರುವೂ ಪರದೆಯ ಮೇಲೆ ಗರಗಸದ ಹಲ್ಲಿನಂತೆ ಕಾಣುತ್ತದೆ.

ಕರಾವಳಿಯ ತೊಡಕು ಬೇರೆ. ಗೋಕರ್ಣದಿಂದ ನಡೆದು ಬಂದವರಿಗೆ ತದಡಿಯಲ್ಲಿ ಅಘನಾಶಿನಿಯನ್ನು ದಾಟಲು ದೋಣಿಯೇ ಹತ್ತಿರ. ನಕ್ಷೆಗೆ ಅದೂ ಒಂದು ಗೆರೆ. ಕಾಯುವ ಹೊತ್ತನ್ನು ನಾವೇ ಕೂಡಿಸಿಕೊಳ್ಳಬೇಕು.

ಆ ಸಂಕವನ್ನು ನಾನೇ ನಕ್ಷೆಗೆ ಸೇರಿಸಿದೆ: ಕಾಲುಹಾದಿ, ಸೈಕಲ್ ಇಲ್ಲ. ಆಚೆ ದಡದ ದಣಪೆ (ಬೇಲಿಯ ಬಾಗಿಲು) ದಾಟಿದರೆ ದಾರಿ ಒಬ್ಬರ ಅಂಗಳದಲ್ಲೇ ಹೋಗುತ್ತದೆ. ಊರವರು ಓಡಾಡುವುದಕ್ಕೆ ಅವರ ಅಡ್ಡಿಯಿಲ್ಲ. ಅಪರಿಚಿತರು ಫೋನ್ ನೋಡಿಕೊಂಡು ಅಡಿಕೆ ಒಣಗಿಸಿದ ಅಂಗಳಕ್ಕೆ ಬರುವುದು ಬೇಡ ಎಂದರು. ಅಷ್ಟು ತುಂಡಿಗೆ 'ಪ್ರೈವೇಟ್' ಎಂದು ಬರೆದು ಬಂದಿದ್ದೇನೆ.