ಕಿಂಡಿ ದಾಟುವ ಆಕ್ಸಾನ್: ಸೂಕ್ಷ್ಮ ಕಾಲುವೆಗಳಲ್ಲಿ ನರಕೋಶ ಬೆಳೆಸುವ ಕ್ರಮ

ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ನೋಡಿದವರಿಗೆ ಈ ಸಾಧನದ ತತ್ವ ಬೇಗ ಅರ್ಥವಾಗುತ್ತದೆ. ಪಾರದರ್ಶಕ ಸಿಲಿಕೋನ್ ರಬ್ಬರಿನ ತುಂಡೊಂದರ ತಳದಲ್ಲಿ ಎರಡು ಅಗಲವಾದ ಕಾಲುವೆಗಳಿದ್ದು, ಪ್ರತಿ ಕಾಲುವೆಯ ಎರಡೂ ತುದಿಗೆ ಒಂದೊಂದು ಹೊಂಡವಿರುತ್ತದೆ. ಕಾಲುವೆಗಳ ನಡುವೆ ಸುಮಾರು 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲ, 3 ಮೈಕ್ರಾನ್ ಎತ್ತರದ ಕಿಂಡಿಗಳು ಸಾಲಾಗಿರುತ್ತವೆ. ನರಕೋಶದ ಕಾಯ ಅಷ್ಟು ತಗ್ಗಾದ ಸಂದಿಯಲ್ಲಿ ನುಸುಳಲಾರದು. ಅದರಿಂದ ಹೊರಟ, ಆಕ್ಸಾನ್ ಎಂಬ ತೆಳುವಾದ ಉದ್ದ ತಂತು ಮಾತ್ರ ದಾಟಿ ಆಚೆಯ ಕಾಲುವೆಗೆ ಹೋಗುತ್ತದೆ. ಹೀಗೆ ಒಂದೇ ಕೋಶದ ಕಾಯ ಮತ್ತು ತಂತುಗಳನ್ನು ಬೇರೆ ಬೇರೆ ದ್ರವದಲ್ಲಿಟ್ಟು ಅಭ್ಯಸಿಸಬಹುದು. 1977ರಲ್ಲಿ ರಾಬರ್ಟ್ ಕ್ಯಾಂಪೆನಾಟ್ ಟೆಫ್ಲಾನ್ ತಡೆಗೋಡೆಯಿಂದ ಇದನ್ನೇ ಸಾಧಿಸಿದ್ದರು. ಇಂದು ನಾವು ಬಳಸುವ ರೂಪ, ಕ್ಯಾಲಿಫೋರ್ನಿಯಾದಲ್ಲಿ ಆನ್ ಟೇಲರ್, ನೂ ಲೀ ಜಿಯೋನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ವಿನ್ಯಾಸದಿಂದ ಬಂದದ್ದು.

ಮೊದಲು ಅಚ್ಚಿನ ವಿಚಾರ. ಸಿಲಿಕಾನ್ ಬಿಲ್ಲೆಯ ಮೇಲೆ ಎಸ್‌ಯು-8 ಎಂಬ ಬೆಳಕಿಗೆ ಗಟ್ಟಿಯಾಗುವ ಪದಾರ್ಥವನ್ನು ಎರಡು ಪದರದಲ್ಲಿ, ಕಿಂಡಿಗೆ 3 ಮೈಕ್ರಾನ್ ಮತ್ತು ಕಾಲುವೆಗೆ ಸುಮಾರು 100 ಮೈಕ್ರಾನ್ ಎತ್ತರಕ್ಕೆ ರೂಪಿಸಬೇಕಾಗುತ್ತದೆ. ದಾವಣಗೆರೆಯಲ್ಲಿ ಕುಳಿತು ಇದನ್ನು ಸ್ವತಃ ಮಾಡಲು ಹೊರಡುವುದು ನನ್ನ ದೃಷ್ಟಿಯಲ್ಲಿ ಕಾಲಹರಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಂತಹ ಸ್ವಚ್ಛಕೋಣೆಯಿರುವ ಕಡೆ ಒಂದು ಅಚ್ಚು ಮಾಡಿಸಿಕೊಂಡರೆ, ಜೋಪಾನವಾಗಿ ಬಳಸಿದಲ್ಲಿ ಅದರಿಂದ ಮತ್ತೆ ಮತ್ತೆ ಎರಕ ತೆಗೆಯಬಹುದು. ಕಿಂಡಿಯ ಉದ್ದವನ್ನು ಮೊದಲೇ ನಿರ್ಧರಿಸಿರಿ. ಡೆಂಡ್ರೈಟುಗಳು (ಕೋಶಕಾಯದಿಂದ ಹೊರಡುವ ಗಿಡ್ಡ ಕವಲುಗಳು) ಆಚೆಗೆ ತಲುಪಬಾರದೆಂದಿದ್ದರೆ 450 ಮೈಕ್ರಾನಿಗಿಂತ ಕಡಿಮೆ ಬೇಡ. ಇನ್ನೂ ಖಚಿತವಾಗಬೇಕೆಂದರೆ 900 ಮೈಕ್ರಾನ್ ಇರಲಿ.

ಎರಕಕ್ಕೆ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರನ್ನು ಬಳಸುತ್ತೇವೆ. ಸಿಲ್ಗಾರ್ಡ್ 184ರ ಮೂಲದ್ರವ ಹತ್ತು ಪಾಲು, ಗಟ್ಟಿಗೊಳಿಸುವ ದ್ರವ ಒಂದು ಪಾಲು, ಎರಡನ್ನೂ ತೂಕ ಮಾಡಿ ಚೆನ್ನಾಗಿ ಕಲಸಿ, ನಿರ್ವಾತ ಡೆಸಿಕೇಟರಿನಲ್ಲಿ ಗುಳ್ಳೆಗಳು ಸಂಪೂರ್ಣ ಹೋಗುವವರೆಗೆ ಇಟ್ಟು, ಅಚ್ಚಿನ ಮೇಲೆ ನಾಲ್ಕೈದು ಮಿಲಿಮೀಟರ್ ದಪ್ಪಕ್ಕೆ ಸುರಿಯಿರಿ. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆಯಲ್ಲಿ ಅದು ಗಟ್ಟಿಯಾಗುತ್ತದೆ. ಆದರೂ ರಾತ್ರಿಯಿಡೀ ಬಿಡುವುದು ಮೇಲು, ಏಕೆಂದರೆ ಅರೆಬೆಂದ ರಬ್ಬರಿನಿಂದ ಸೋರುವ ಚಿಕ್ಕ ಅಣುಗಳು ನರಕೋಶಗಳಿಗೆ ವಿಷವಾಗುತ್ತವೆ. ಬಳಿಕ ಬಿಡಿಸಿ, 8 ಮಿಲಿಮೀಟರಿನ ಬಯಾಪ್ಸಿ ಪಂಚ್‌ನಿಂದ ನಾಲ್ಕು ಹೊಂಡಗಳನ್ನು ಕೊರೆದು, ಅಂಟುಪಟ್ಟಿಯಿಂದ ಧೂಳು ತೆಗೆದು, ಶೇ 70ರ ಎಥೆನಾಲಿನಲ್ಲಿ ಅದ್ದಿ, ಹುಡ್‌ನೊಳಗೆ ಪೂರ್ತಿ ಒಣಗಿಸಿರಿ.

ಕವರ್‌ಸ್ಲಿಪ್‌ಗೆ (ತೆಳುವಾದ ಗಾಜಿನ ತುಣುಕಿಗೆ) ಕೋಶಗಳು ಅಂಟಿಕೊಳ್ಳಲೆಂದು ಪ್ರತಿ ಮಿಲಿಲೀಟರಿಗೆ 0.1 ಮಿಲಿಗ್ರಾಂ ಸಾಂದ್ರತೆಯ ಪಾಲಿ-ಡಿ-ಲೈಸಿನ್ ಲೇಪಿಸಿ, ರಾತ್ರಿ ಕಳೆದ ನಂತರ ಶುದ್ಧೀಕರಿಸಿದ ನೀರಿನಲ್ಲಿ ಮೂರು ಬಾರಿ ತೊಳೆಯಬೇಕು. ತೊಳೆಯುವುದರಲ್ಲಿ ಉದಾಸೀನ ಮಾಡಿದರೆ ಉಳಿದ ಲೈಸಿನ್ ಕೋಶಗಳನ್ನು ಕೊಲ್ಲುತ್ತದೆ. ತೊಳೆದ ಗಾಜು ಒಣಗುವ ಮೊದಲೇ ರಬ್ಬರನ್ನು ಕೂರಿಸಿದರೆ ಅಂಚು ಸರಿಯಾಗಿ ಹಿಡಿಯದೆ, ಕೋಶಗಳು ಕಿಂಡಿ ಬಿಟ್ಟು ಅಡಿಯಿಂದಲೇ ಹರಿದುಹೋಗುತ್ತವೆ. ಪ್ಲಾಸ್ಮಾ ಯಂತ್ರದಿಂದ ಶಾಶ್ವತವಾಗಿ ಅಂಟಿಸುವ ಕ್ರಮವೂ ಇದೆ. ಆದರೆ ಕೊನೆಗೆ ರಬ್ಬರನ್ನು ಎತ್ತಿ ಬಣ್ಣ ಹಾಕುವ ಅನುಕೂಲವಿರುವುದರಿಂದ ಕಲಿಯುವವರಿಗೆ ಸುಮ್ಮನೆ ಒತ್ತಿ ಕೂರಿಸುವ ಕ್ರಮವನ್ನೇ ನಾನು ಸೂಚಿಸುತ್ತೇನೆ.

ಗರ್ಭಸ್ಥ ಇಲಿಮರಿಯ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್‌ನಿಂದ, ಸಾಮಾನ್ಯವಾಗಿ ಗರ್ಭದ 18ನೇ ದಿನ, ಪಡೆದ ಕೋಶಗಳು ಈ ಕೆಲಸಕ್ಕೆ ಅತ್ಯಂತ ಪರಿಚಿತವಾದವು. ಇದಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಮೊದಲೇ ಕೈಯಲ್ಲಿರಬೇಕು. ಅದಿಲ್ಲದವರು ಎಸ್‌ಎಚ್-ಎಸ್‌ವೈ5ವೈ ಎಂಬ, ಮಾನವ ನರಗಂತಿಯಿಂದ ಬಂದ ಕೋಶಗಳಿಗೆ ನರಕೋಶದಂತಾಗಲು ರೆಟಿನೋಯಿಕ್ ಆಮ್ಲ ಕೊಟ್ಟು ಕೈ ಪಳಗಿಸಿಕೊಳ್ಳಬಹುದು. ಅವುಗಳ ತಂತುಗಳು ಗಿಡ್ಡವಾದ್ದರಿಂದ 150 ಮೈಕ್ರಾನಿನ ಕಿಂಡಿಯೇ ಸೂಕ್ತ.

ಮಿಲಿಲೀಟರಿಗೆ 30 ಲಕ್ಷ ಕೋಶಗಳಿರುವ ದ್ರವದಿಂದ 20 ಮೈಕ್ರೋಲೀಟರ್ ತೆಗೆದು, ಪಿಪೆಟ್ಟಿನ ತುದಿಯನ್ನು ಕಾಲುವೆಯ ಬಾಯಿಗೆ ನೇರ ಮಾಡಿ ನಿಧಾನವಾಗಿ ಬಿಡಿರಿ. ಕೋಶಗಳು ಹೊಂಡದಲ್ಲೇ ಉಳಿಯದೆ ಕಾಲುವೆಯೊಳಗೆ ಹರಿದಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಹತ್ತು ನಿಮಿಷ ಇನ್‌ಕ್ಯುಬೇಟರಿನಲ್ಲಿಟ್ಟು ಅಂಟಿಕೊಳ್ಳಲು ಬಿಟ್ಟು, ಆಮೇಲೆ ಎಲ್ಲ ಹೊಂಡಗಳಿಗೂ 150 ಮೈಕ್ರೋಲೀಟರಿನಂತೆ ಬಿ27 ಪೂರಕ ಬೆರೆಸಿದ ನ್ಯೂರೋಬೇಸಲ್ ಮೀಡಿಯಂ (ನರಕೋಶಗಳ ಪೋಷಕ ದ್ರವ) ತುಂಬಿರಿ. ಕಾಲುವೆಯಲ್ಲಿ ಗುಳ್ಳೆ ಸಿಕ್ಕಿಕೊಳ್ಳುವುದೇ ಇಲ್ಲಿನ ನಿತ್ಯದ ತಲೆನೋವು. ಕೋಶ ಹಾಕುವ ಮೊದಲು ಮೀಡಿಯಂ ತುಂಬಿದ ಸಾಧನವನ್ನು ಕೆಲವು ನಿಮಿಷ ನಿರ್ವಾತದಲ್ಲಿಟ್ಟರೆ, ಪಿಡಿಎಂಎಸ್ ಮೂಲಕ ಗಾಳಿ ಹಾಯುವುದರಿಂದ ಗುಳ್ಳೆ ತಾನಾಗಿ ಹೋಗುತ್ತದೆ.

ಇನ್ನೊಂದು ಶತ್ರು ಒಣಹವೆ. ನಮ್ಮ ಮೊದಲ ಬೇಸಿಗೆಯ ಕೋಶಗಳು ಐದನೆಯ ದಿನಕ್ಕೆ ಸುಕ್ಕುಗಟ್ಟಿದಾಗ ಮೀಡಿಯಂ ಕೆಟ್ಟಿದೆಯೆಂದು ಹೊಸ ಬಾಟಲಿ ತರಿಸಿದೆವು. ನಿಜವಾದ ಕಾರಣ, ಬಾಗಿಲನ್ನು ಪದೇ ಪದೇ ತೆರೆದದ್ದರಿಂದ ಇಷ್ಟು ಕಡಿಮೆ ದ್ರವದಲ್ಲಿ ನೀರು ಆವಿಯಾಗಿ ಲವಣಾಂಶ ಏರಿತ್ತು. ಅಂದಿನಿಂದ ಪ್ರತಿ ಸಾಧನವನ್ನು ಒದ್ದೆ ಟಿಶ್ಯೂ ಇರುವ ದೊಡ್ಡ ಪೆಟ್ರಿ ತಟ್ಟೆಯೊಳಗೇ ಇಡುತ್ತೇವೆ. ಮೀಡಿಯಂ ಬದಲಿಸುವಾಗ ಅರ್ಧ ಮಾತ್ರ ತೆಗೆಯಿರಿ, ಅದೂ ಕಾಲುವೆಯ ಬಾಯಿಯಿಂದ ದೂರದ ಮೂಲೆಯಿಂದ. ಸಾಮಾನ್ಯವಾಗಿ ಒಂದು ವಾರದೊಳಗೆ ಆಕ್ಸಾನುಗಳು ಕಿಂಡಿ ದಾಟಿರುತ್ತವೆ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಬೆಳೆದವರಿಗೆ ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆಂದು ಕಲಿಸಬೇಕಿಲ್ಲ. ಆದರೂ ಔಷಧ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಆಕ್ಸಾನ್ ಭಾಗಕ್ಕೆ ಮಾತ್ರ ಔಷಧ ಕೊಡಬೇಕೆಂದರೆ, ಆ ಕಡೆಯ ಹೊಂಡಗಳಲ್ಲಿ ಎದುರು ಕಡೆಗಿಂತ ಸುಮಾರು 50 ಮೈಕ್ರೋಲೀಟರ್ ಕಡಿಮೆ ದ್ರವವಿರಬೇಕು. ಆಗ ಕಿಂಡಿಯ ಮೂಲಕ ಔಷಧವಿರುವ ಕಡೆಗೇ ಬಲು ಮೆಲ್ಲನೆ ಹರಿವು ಸಾಗಿ, ಅಣುಗಳು ಹಿಂದಕ್ಕೆ ಹರಡುವುದನ್ನು ತಡೆಯುತ್ತದೆ. ಔಷಧವನ್ನು ಹೆಚ್ಚು ತುಂಬಿದ ಕಡೆ ಹಾಕಿದರೆ ಎಲ್ಲವೂ ಬೆರೆತು ಪ್ರಯೋಗ ವ್ಯರ್ಥವಾಗುತ್ತದೆ. ಈ ಅಂತರ ಕ್ರಮೇಣ ಸಮವಾಗುವುದರಿಂದ, ದೀರ್ಘ ಪ್ರಯೋಗಗಳಲ್ಲಿ ಮಟ್ಟವನ್ನು ಮತ್ತೆ ಸರಿಪಡಿಸಬೇಕು. ಮೊದಲ ಸಲ ಫ್ಲೋರೆಸೀನ್ ಬಣ್ಣ ಹಾಕಿ ತಡೆ ನಿಂತಿದೆಯೇ ಎಂದು ಪರೀಕ್ಷಿಸಿಕೊಳ್ಳಿರಿ. ನೀರಿಗೆ ಒಗ್ಗದ ಚಿಕ್ಕ ಔಷಧದ ಅಣುಗಳನ್ನು ಪಿಡಿಎಂಎಸ್ ತಾನೇ ಹೀರಿಕೊಳ್ಳುತ್ತದೆಂಬುದನ್ನು ಪ್ರಮಾಣ ಲೆಕ್ಕ ಹಾಕುವಾಗ ಗಮನದಲ್ಲಿಡಬೇಕು.

ಆಕ್ಸಾನ್ ಗಾಯದ ಅಧ್ಯಯನಕ್ಕೆ ಆ ಕಾಲುವೆಯ ದ್ರವವನ್ನು ನಿರ್ವಾತ ಪಂಪಿನಿಂದ ಒಮ್ಮೆಲೇ ಎಳೆದು ಮತ್ತೆ ತುಂಬಿದರೆ ತಂತುಗಳು ಕತ್ತರಿಸಿಹೋಗುತ್ತವೆ. ಆಚೆಯ ಕೋಶಕಾಯಗಳು ಹಾಗೆಯೇ ಉಳಿಯುತ್ತವೆ. ಒಂದೇ ಸಲಕ್ಕೆ ಎಲ್ಲವೂ ಹೋಗದಿದ್ದರೆ ಇನ್ನೊಮ್ಮೆ ಮಾಡಿರಿ. ಆಕ್ಸಾನಿನೊಳಗಿನ ಸಾಗಾಣಿಕೆಯ ಅಧ್ಯಯನಕ್ಕೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ಬಣ್ಣ ಕೊಡುವ ಮೈಟೋಟ್ರ್ಯಾಕರ್ ಹಾಕಿ, ಕಿಂಡಿಯೊಳಗಿನ ಆಕ್ಸಾನನ್ನು ಕೆಲವು ಸೆಕೆಂಡಿಗೊಮ್ಮೆ ಚಿತ್ರಿಸಿ, ಉಚಿತವಾಗಿ ದೊರೆಯುವ ಫಿಜಿ ತಂತ್ರಾಂಶದಲ್ಲಿ ಕೈಮೋಗ್ರಾಫ್ (ಸ್ಥಾನ ಮತ್ತು ಕಾಲವನ್ನು ಒಂದೇ ಚಿತ್ರದಲ್ಲಿ ತೋರಿಸುವ ನಕ್ಷೆ) ಮಾಡಬಹುದು. ಕಿಂಡಿಗಳು ನೇರವಾಗಿರುವುದರಿಂದ, ಚಲಿಸುವ ಮೈಟೊಕಾಂಡ್ರಿಯಾ ಓರೆಗೆರೆಯಾಗಿಯೂ ನಿಂತದ್ದು ನೆಟ್ಟಗೆರೆಯಾಗಿಯೂ ಕಾಣುತ್ತದೆ. ಎಡಗಡೆಯ ಕಾಲುವೆ ಕೋಶಕಾಯದ್ದೋ ಆಕ್ಸಾನಿನದ್ದೋ ಎಂಬುದನ್ನು ಪ್ರತಿ ಚಿತ್ರದ ಕಡತದ ಹೆಸರಿನಲ್ಲೇ ಬರೆದಿಡಿರಿ; ತಿಂಗಳ ನಂತರ ಚಿತ್ರವನ್ನಷ್ಟೇ ನೋಡಿ ಚಲನೆಯ ದಿಕ್ಕನ್ನು ಹೇಳಲಾಗುವುದಿಲ್ಲ.