ಬೈಕಿಗೆ ಧೂಪ ಹಾಕಿದ ಮೇಲೆ ರೇಸ್ ಇಳಿಯಿತು

'ಬೈಕಿಗೆ ಧೂಪ ಹಾಕುವವನು' ಎಂದು ಕುಮಟಾದ ಗ್ಯಾರೇಜುಗಳಲ್ಲಿ ನನಗೆ ಹೆಸರು ಬಿದ್ದು ವರ್ಷವಾಯಿತು. ಎಂಜಿನ್ನಿಗೆ ಗಾಳಿ ಲೀಕ್ ಆಗುವ ಜಾಗ ಹುಡುಕಲು ಹೊಗೆ ಊದುತ್ತೇನೆ, ಅದೇ ಆ ಧೂಪ. ಹಾಗೆ ಕರೆದು ನಕ್ಕವರಲ್ಲಿ ಇಬ್ಬರು ಕಳೆದ ತಿಂಗಳು ತಮ್ಮ ಗಿರಾಕಿಗಳ ಗಾಡಿಗಳನ್ನು ತಾವೇ ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. ಬರೆಯುವ ಹುಮ್ಮಸ್ಸು ಬಂದದ್ದು ಆಗ.

ನಾನು ಧೂಪ ಹಾಕಿದ ಮೊದಲ ಗಾಡಿ ಮೀನು ವ್ಯಾಪಾರಿಯೊಬ್ಬರದು. ಬೆಳಗಿನ ಜಾವ ತದಡಿ ಬಂದರಿನಲ್ಲಿ ಮೀನು ತುಂಬಿಕೊಂಡು, ದೇವಿಮನೆ ಘಟ್ಟ ಹತ್ತಿ, ಶಿರಸಿ ಕಡೆಯ ಹಳ್ಳಿಗಳಲ್ಲಿ ಮಾರಿ, ಮಧ್ಯಾಹ್ನ ಇಳಿದು ಬರುವ ಮನುಷ್ಯ. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಕಾಲದ 150 ಸಿಸಿ ಬೈಕು, ಹಿಂದೆ ಐಸ್ ಪೆಟ್ಟಿಗೆ. ಬೆಳಿಗ್ಗೆ ಹೊರಡುವಾಗ ರೇಸ್, ಅಂದರೆ ಎಂಜಿನ್ ಸುತ್ತುವ ವೇಗ, ಸರಿಯಾಗಿಯೇ ಇರುತ್ತದೆ. ಘಟ್ಟ ಹತ್ತಿ ಮುಗಿಯುವ ಹೊತ್ತಿಗೆ ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ನಿಮಿಷಕ್ಕೆ ಮೂರು ಸಾವಿರ ಸುತ್ತಿನ ಹತ್ತಿರ ನಿಂತು ಕಿರುಚುತ್ತದೆ. ಇಳಿಯುವಾಗ ಇನ್ನೂ ಕಷ್ಟ. ತಿರುವಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸಬೇಕಾದ ಗಾಡಿ, ಹಿಂದಿನಿಂದ ಯಾರೋ ದೂಡಿದ ಹಾಗೆ ಮುಂದಕ್ಕೆ ನುಗ್ಗುತ್ತದೆ. ಬ್ರೇಕ್ ಶೂ ಎರಡು ತಿಂಗಳೂ ಬಾಳುತ್ತಿರಲಿಲ್ಲ.

"ತಮ್ಮಾ, ನಿನ್ನ ಕೈಯಲ್ಲಿ ಆಗುವುದಾದರೆ ಹೇಳು. ಆಗದಿದ್ದರೆ ಗುಜರಿಗೆ ಹಾಕಿಬಿಡುತ್ತೇನೆ" ಎಂದರು. ಅಷ್ಟರಲ್ಲಿ ಅವರು ಮೂರು ಕಡೆ ತೋರಿಸಿ ಸುಮಾರು ನಾಲ್ಕೂವರೆ ಸಾವಿರ ಕಳೆದುಕೊಂಡಿದ್ದರು. ಒಬ್ಬರು ಹೊಸ ಕಾರ್ಬ್ಯುರೇಟರ್ ಕೂರಿಸಿದ್ದರು, ಅದೂ ಹನ್ನೊಂದು ನೂರು ರೂಪಾಯಿಯ ನಕಲು ಮಾಲು. ಇನ್ನೊಬ್ಬರು ಕೇಬಲ್, ಪ್ಲಗ್, ವಾಲ್ವ್ ಸೆಟಿಂಗ್ ಎಂದು ಒಂದೊಂದಾಗಿ ಬಿಲ್ಲು ಬೆಳೆಸಿದ್ದರು. ಮೂರನೆಯವರು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಸವೆದು ಹೋಗಿದೆ, ಆರು ಸಾವಿರ ಬೇಕು ಎಂದಿದ್ದರು. ಬೋರ್ ಹೋದರೆ ಹೊಗೆ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ, ರೇಸ್ ಹೇಗೆ ಏರುತ್ತದೆ? ಪುಣ್ಯಕ್ಕೆ ಆ ಹಣ ಅವರ ಬಳಿ ಇರಲಿಲ್ಲ.

ಆ ಮೂವರು ಮೆಕ್ಯಾನಿಕ್‌ಗಳನ್ನು ಆಡಿಕೊಳ್ಳುವ ಯೋಗ್ಯತೆ ನನಗೂ ಆಗ ಇರಲಿಲ್ಲ. ನಾನೂ ಹತ್ತು ದಿನ ಒದ್ದಾಡಿದೆ. ಆಕ್ಸಿಲರೇಟರ್ ಬಿಟ್ಟಾಗಿನ ರೇಸ್ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಪೂರ್ತಿ ಬಿಚ್ಚಿದರೆ ತಣ್ಣಗಿರುವಾಗ ಗಾಡಿ ಸಾಯುತ್ತಿತ್ತು, ಬಿಸಿಯಾದರೆ ಮತ್ತೆ ಅದೇ ಕಿರುಚಾಟ. ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿದರೂ ರೇಸಿನಲ್ಲಿ ವ್ಯತ್ಯಾಸವಿಲ್ಲ. ಬಿಸಿ ಇರುವಾಗಲೇ ಕೇಬಲ್ಲನ್ನು ಕಾರ್ಬ್ಯುರೇಟರಿನಿಂದ ಕಳಚಿ ನೋಡಿದೆ, ಮೂರು ಸಾವಿರ ಹಾಗೆಯೇ ನಿಂತಿತ್ತು. ಅಲ್ಲಿಗೆ ಕೇಬಲ್ ಲೆಕ್ಕದಿಂದ ಹೊರಗೆ. ಚೋಕ್ ಸರಿಯಾಗಿ ಮುಚ್ಚುತ್ತಿತ್ತು, ಕಾರ್ಬ್ಯುರೇಟರಿನೊಳಗೆ ಗಾಳಿಯನ್ನು ತಡೆಯುವ ತಟ್ಟೆ ಬಟರ್‌ಫ್ಲೈ ಕೂಡ. ಎಂಜಿನ್ ಎಲ್ಲಿಂದಲೋ ಹೆಚ್ಚಿನ ಗಾಳಿ ಎಳೆಯುತ್ತಿದೆ ಎಂಬುದು ಖಚಿತವಾಯಿತು, ಎಲ್ಲಿಂದ ಎಂಬುದು ಮಾತ್ರ ತಿಳಿಯಲಿಲ್ಲ.

ಸ್ಪ್ರೇ ಹೊಡೆದು ನೋಡಲಿಲ್ಲವೇ, ಲೀಕಿಗೆ ತಾಗಿದರೆ ರೇಸ್ ಬದಲಾಗುತ್ತದಲ್ಲ ಎಂದು ನೀವು ಕೇಳುತ್ತೀರಿ. ಹೊಡೆದೆ. ಇನ್ನೂರೈವತ್ತು ರೂಪಾಯಿಯ ಕ್ಲೀನರ್ ಡಬ್ಬಿ ಎರಡು ದಿನಕ್ಕೆ ಖಾಲಿಯಾಯಿತು. ತಣ್ಣಗಿರುವಾಗ ಹೊಡೆದರೆ ಏನೂ ಆಗಲಿಲ್ಲ. ಬಿಸಿಯಲ್ಲಿ ಹೊಡೆದರೆ ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ಕೊಳವೆ, ಮ್ಯಾನಿಫೋಲ್ಡಿನ ಮೇಲ್ಭಾಗಕ್ಕಷ್ಟೇ ತಾಗುತ್ತದೆ, ಕೆಳಭಾಗಕ್ಕೆ ನಳಿಗೆ ಹೋಗುವಷ್ಟು ಜಾಗವಿಲ್ಲ. ಜಾಣತನ ಮಾಡಿ ಸಿರಿಂಜಿನಲ್ಲಿ ಪೆಟ್ರೋಲ್ ಬಿಡಲು ಹೋದೆ. ಅದು ಕಾದ ಸೈಲೆನ್ಸರ್ ಬೆಂಡಿನ ಮೇಲೆ ಬಿದ್ದು ಭುಗ್ಗೆಂದಿತು. ಬಲಗೈಯ ರೋಮವೆಲ್ಲ ಹೋಯಿತು. ಹಸಿ ಗೋಣಿಚೀಲ ಪಕ್ಕದಲ್ಲಿದ್ದದ್ದರಿಂದ ಗಾಡಿ ಉಳಿಯಿತು. ಆ ಕೆಲಸವನ್ನು ಯಾರೂ ಮಾಡಬೇಡಿ.

ನಡುವೆ ಇನ್ನೊಂದು ಹುಚ್ಚು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ ಕಟ್ಟಿಕೊಂಡಿರಬಹುದು ಎಂಬ ಅನುಮಾನವಿತ್ತು. ಕ್ಲಚ್ ಕೇಬಲ್ಲಿನ ಎಳೆ ತೂರಿಸಿ ತೂತು ಅಗಲ ಮಾಡುವ ಅಭ್ಯಾಸ ನನಗಿಲ್ಲ, ಆ ಪಾಠಕ್ಕೆ ಹಿಂದೆಯೇ ಫೀಸು ಕಟ್ಟಿದ್ದೇನೆ. ಮನೆಯಲ್ಲಿ ತಾಮ್ರದ ಹಂಡೆಯನ್ನು ಮುರುಗಲು ಸಿಪ್ಪೆಯಲ್ಲಿ ತಿಕ್ಕುವುದನ್ನು ನೋಡಿದ್ದೆನಲ್ಲ, ಹಿತ್ತಾಳೆಯ ಜೆಟ್‌ಗಳನ್ನು ರಾತ್ರಿಯಿಡೀ ಮುರುಗಲು ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಚಿನ್ನದ ಹಾಗೆ ಹೊಳೆಯುತ್ತಿದ್ದವು. ಖುಷಿಯಲ್ಲಿ ಅಂಗಡಿಯಲ್ಲಿದ್ದ ಹಳೆಯ ಕಾರ್ಬ್ಯುರೇಟರೊಂದರ ಬಾಡಿಯನ್ನೂ ಅದೇ ನೀರಿಗೆ ಇಳಿಸಿದೆ. ಎರಡನೆಯ ದಿನ ತೆಗೆದರೆ ಮೈತುಂಬ ಬಿಳಿ ಬೂದಿ, ಕೂರುವ ಮುಖಗಳೆಲ್ಲ ತರಿತರಿ. ಹುಳಿ ಹಿತ್ತಾಳೆಗೆ ಒಗ್ಗಿದ ಹಾಗೆ ಆ ಬಾಡಿಯ ಲೋಹಕ್ಕೆ ಒಗ್ಗುವುದಿಲ್ಲ. ಗಿರಾಕಿಯ ಮಾಲಲ್ಲ, ನನ್ನದೇ. ಆರುನೂರು ರೂಪಾಯಿ ನೀರಿಗೆ ಹಾಕಿದಂತಾಯಿತು.

ಮೀಟರಿನದೂ ಹೇಳಿಬಿಡುತ್ತೇನೆ. ಕಿವಿಯ ಲೆಕ್ಕ ಸಾಲದು ಎಂದು ಎಂಜಿನ್ನಿನ ಸುತ್ತು ಎಣಿಸಲು ಪ್ಲಗ್ ವೈರಿಗೆ ಸುತ್ತುವ ಆರ್‌ಪಿಎಂ ಮೀಟರ್ ತರಿಸಿದೆ, ಐನೂರೋ ಐನೂರೈವತ್ತೋ ಕೊಟ್ಟ ನೆನಪು. ಚೆನ್ನಾಗಿರುವ ನನ್ನ ಸ್ವಂತ ಗಾಡಿಗೆ ಸುತ್ತಿದರೆ 2800 ತೋರಿಸಿತು! ಅರ್ಧ ದಿನ ನನ್ನ ಗಾಡಿಯನ್ನೇ ಬಿಚ್ಚಿದೆ. ಆಮೇಲೆ ತಲೆಗೆ ಹೋಯಿತು: ಈ ಸಿಂಗಲ್ ಸಿಲಿಂಡರ್ ಗಾಡಿಗಳಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ, ಮೀಟರ್ ಎರಡು ಸುತ್ತಿಗೆ ಒಂದು ಕಿಡಿ ಎಂದು ಎಣಿಸುತ್ತಿತ್ತು. ಸೆಟಿಂಗ್ ಬದಲಿಸಿದ ಮೇಲೆ ಸರಿಯಾದ ಲೆಕ್ಕ, 1400.

ಹೊಗೆಯ ವಿಚಾರ ಹೊಳೆದದ್ದು ಸೊಳ್ಳೆ ಓಡಿಸಲು ಅಂಗಡಿಯಲ್ಲಿ ಲೋಬಾನ ಹಾಕಿದಾಗ. ಸ್ಟೀಲ್ ಡಬ್ಬಿಯ ಮುಚ್ಚಳಕ್ಕೆ ಎರಡು ತೂತು ಕೊರೆದು ನಳಿಗೆ ಕೂರಿಸಿದೆ. ಒಂದಕ್ಕೆ ಬಿಪಿ ನೋಡುವ ಯಂತ್ರದ ರಬ್ಬರ್ ಉಂಡೆ, ಇನ್ನೊಂದಕ್ಕೆ ಎರಡು ಮೀಟರ್ ಪೈಪು. ಒಳಗೆ ಕೆಂಡ, ತೆಂಗಿನ ನಾರು, ಮತ್ತೊಂದು ವಸ್ತು. ಆ ಮತ್ತೊಂದು ವಸ್ತುವಿನಿಂದಲೇ ಹೊಗೆ ಹಾಲಿನಷ್ಟು ದಟ್ಟವಾಗುವುದು. ಅದು ನನ್ನ ಬಳಿಯೇ ಇರಲಿ. ಕಾರ್ಬ್ಯುರೇಟರ್ ಕಳಚಿ ದೂರ ಇಟ್ಟು, ಪೆಟ್ರೋಲ್ ಟ್ಯಾಪ್ ಬಂದ್ ಮಾಡಿ ಪೈಪಿನ ಬಾಯಿ ಕಟ್ಟಿ, ಪಿಸ್ಟನ್ನನ್ನು ಕಂಪ್ರೆಷನ್ ಮೇಲ್ತುದಿಗೆ ತಂದು ಎರಡೂ ವಾಲ್ವ್ ಮುಚ್ಚಿಸಿ, ಮ್ಯಾನಿಫೋಲ್ಡಿನ ಬಾಯಿಗೆ ಬಿರಡೆ ಜಡಿದು ಅದರ ಮೂಲಕ ಹೊಗೆ ಊದಬೇಕು. ಎಲ್ಲಿ ಗಾಳಿ ಎಳೆಯುತ್ತದೋ ಅಲ್ಲಿಂದ ಹೊಗೆ ಹೊರಗೆ ಬರಬೇಕು.

ಬರಲಿಲ್ಲ. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಲು ಹೋದ ದಿನ ಒಂದು ಎಳೆ ಹೊಗೆಯೂ ಬರಲಿಲ್ಲ. "ಮಾರಾಯಾ, ಧೂಪ ಆಯಿತು, ಇನ್ನು ಮಂಗಳಾರತಿ ಯಾವಾಗ?" ಎಂದು ಎದುರಿನ ಪಂಕ್ಚರ್ ಅಂಗಡಿಯವನು ಕೇಳಿದ. ಹೆಸರು ಬಿದ್ದದ್ದು ಅವತ್ತೇ.

ಛಲ ಬಂತು. ಮರುದಿನ ಡಬ್ಬಿ, ಕೆಂಡದ ಸಾಮಗ್ರಿಯನ್ನೆಲ್ಲ ಚೀಲಕ್ಕೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಐವತ್ತು ಕೆಜಿಯಷ್ಟು ಮರಳು ಹಾಕಿಕೊಂಡು ನಾನೇ ಘಟ್ಟ ಹತ್ತಿದೆ. ದೇವಿಮನೆ ತಲುಪುವ ಹೊತ್ತಿಗೆ ರೇಸ್ ಏರಿತ್ತು. ದೇವಸ್ಥಾನದಿಂದ ಸ್ವಲ್ಪ ಆಚೆ ರಸ್ತೆ ಬದಿಯಲ್ಲಿ ನಿಲ್ಲಿಸಿ, ಬಿಸಿ ಆರುವ ಮೊದಲೇ ಕಾರ್ಬ್ಯುರೇಟರ್ ಬಿಚ್ಚಿ ದೂರ ಒಯ್ದಿಟ್ಟು, ಪೆಟ್ರೋಲ್ ವಾಸನೆ ಹೋದ ಮೇಲೆ ಪೈಪಿನ ಉದ್ದದಷ್ಟು ದೂರದಲ್ಲಿ ಕೆಂಡ ಹೊತ್ತಿಸಿ ಹೊಗೆ ಊದಿದೆ. ದೇವರಿಗೆ ಬಂದ ಇಬ್ಬರು ಹೆಂಗಸರು ಇದು ಯಾವುದೋ ಹರಕೆ ಎಂದುಕೊಂಡು ಕೈಮುಗಿದು ಹೋದರು. ಆದರೂ ಹೊಗೆ ಬರಲಿಲ್ಲ. ಸೋತು, ಬಿರಡೆಯ ಮೇಲೆ ಕೈ ಊರಿಕೊಂಡು ಎದ್ದೆ. ಆಗ ಮ್ಯಾನಿಫೋಲ್ಡಿನ ಅಡಿಯಿಂದ ದಾರದಷ್ಟು ಹೊಗೆ ಇಳಿಯಿತು. ಕೈ ತೆಗೆದರೆ ನಿಂತಿತು. ಒತ್ತಿದರೆ ಮತ್ತೆ ಬಂತು.

ನಾನು ಮರೆತದ್ದು ಕಾರ್ಬ್ಯುರೇಟರಿನ ಭಾರವನ್ನು. ಏರ್ ಫಿಲ್ಟರ್ ಕಡೆ ಕಾರ್ಬ್ಯುರೇಟರನ್ನು ಹಿಡಿದಿಡುವ ಕ್ಲಾಂಪಿಗೆ ಸ್ಕ್ರೂವೇ ಇರಲಿಲ್ಲ, ಯಾರೋ ಬಿಚ್ಚಿ ಹಾಕಲು ಮರೆತಿದ್ದರು. ಮೊದಲ ದಿನ ನಾನೂ ಅದನ್ನು ನೋಡಿ, ಸಣ್ಣದು ಎಂದು ಬಿಟ್ಟಿದ್ದೆ. ಹಿಂದೆ ಆಸರೆಯಿಲ್ಲದ ಕಾರ್ಬ್ಯುರೇಟರ್ ಮ್ಯಾನಿಫೋಲ್ಡಿಗೆ ಜೋತುಬಿದ್ದು, ಘಟ್ಟದ ಹೊಂಡಗಳಲ್ಲಿ ಕುಣಿದು ಕುಣಿದು, ರಬ್ಬರ್ ಮತ್ತು ಅದರ ಲೋಹದ ಪಟ್ಟಿ ಕೂಡುವ ಕಡೆ ಅಡಿಯಲ್ಲಿ ಬಿರುಕು ಬಿಟ್ಟಿತ್ತು. ತಣ್ಣಗಿರುವಾಗ ರಬ್ಬರ್ ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಕಾದು ಮೆತ್ತಗಾದಾಗ ಭಾರಕ್ಕೆ ಬಾಯಿ ಬಿಡುತ್ತದೆ. ಈಗೀಗ ರಬ್ಬರ್ ಕೆಟ್ಟರೆ ಎಲ್ಲರೂ ಎಥೆನಾಲ್ ಪೆಟ್ರೋಲನ್ನು ಬೈಯುತ್ತಾರೆ. ಈ ಬಿರುಕಿನಲ್ಲಿ ಅದರ ತಪ್ಪಿಲ್ಲ.

ರಿಪೇರಿ ಅರ್ಧ ಗಂಟೆಯದು. ಕಂಪನಿಯ ಮ್ಯಾನಿಫೋಲ್ಡ್ ಇನ್ನೂರ ನಲವತ್ತರ ಹತ್ತಿರ, ಓ ರಿಂಗ್ ಹದಿನೈದು, ಕ್ಲಾಂಪ್ ಸ್ಕ್ರೂ ನನ್ನ ಡಬ್ಬಿಯಿಂದ ಪುಕ್ಕಟೆ. ಎಂಜಿನ್ ಹೆಡ್ಡಿನ ಕಡೆ ಅಂಟಿದ್ದ ಹಳೆಯ ಬಾಂಡನ್ನು (ಅಂಟನ್ನು) ಬ್ಲೇಡಿನಲ್ಲಿ ಕೆರೆದು ತೆಗೆದೆ. ಹೊಸದರ ಮುಖವನ್ನೂ ಗಾಜಿನ ಮೇಲೆ ನಾನೂರು ನಂಬರಿನ ಎಮರಿ ಕಾಗದ ಹಾಸಿ ನಾಲ್ಕು ಸಲ ಉಜ್ಜಿ ನೋಡಿದೆ, ಸಪಾಟಾಗಿತ್ತು. ಬೋಲ್ಟ್ ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದೇ ಕಡೆ ಜಗ್ಗಿ ಬಿಗಿಯುವವರಿಂದಲೇ ನನಗೆ ಅರ್ಧ ಕೆಲಸ ಸಿಗುತ್ತದೆ. ಗುಜರಿ ಸೇರಿರಬಹುದು ಎಂದುಕೊಂಡಿದ್ದ ಅವರ ಮೂಲ ಕಾರ್ಬ್ಯುರೇಟರ್ ಮನೆಯ ಅಟ್ಟದ ಮೇಲೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಭದ್ರವಾಗಿತ್ತು. ಅದನ್ನೇ ತೊಳೆದು, ಹೊಳೆಯುವ ಜೆಟ್ ಹಾಕಿ ಕೂರಿಸಿದೆ. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂವನ್ನು ಎರಡು ಸುತ್ತಿಗೆ ಸ್ವಲ್ಪ ಕಡಿಮೆ ಬಿಚ್ಚಿಟ್ಟೆ.

ಅವರು ಮರುದಿನ ಘಟ್ಟ ಹತ್ತಿ ಶಿರಸಿಯಿಂದಲೇ ಫೋನ್ ಮಾಡಿದರು. ಮಾತಾಡಲಿಲ್ಲ, ಫೋನನ್ನು ಎಂಜಿನ್ ಹತ್ತಿರ ಹಿಡಿದರು. ಮೀಟರ್ ಬೇಕಾಗಲಿಲ್ಲ. ನಾನು ಹೇಳಿದ್ದು ಏಳುನೂರು, ಕೊಟ್ಟದ್ದು ಐನೂರು ಮತ್ತು ಎರಡು ಡಜನ್ ಬಂಗಡೆ. ಆ ವಾರದ ಬಂಗಡೆ ದರ ನೋಡಿದರೆ ನನಗೇ ಲಾಭ.

ಅದಾದ ಮೇಲೆ ಆರು ಗಾಡಿಗಳಿಗೆ ಧೂಪ ಹಾಕಿದ್ದೇನೆ. ಐದರಲ್ಲಿ ಲೀಕ್ ಸಿಕ್ಕಿತು: ಮೂರರಲ್ಲಿ ಹೆಡ್ಡಿನ ಕಡೆಯ ಓ ರಿಂಗ್ ಚಪ್ಪಟೆಯಾಗಿತ್ತು, ಎರಡರಲ್ಲಿ ರಬ್ಬರ್ ಒಡೆದಿತ್ತು. ಬಿರಡೆಯನ್ನು ಯಾವ ಕಡೆಗೆ ಎಷ್ಟು ಒತ್ತಬೇಕು ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಅದನ್ನು ಕೈಯೇ ಕಲಿಯಬೇಕು. ಆರನೆಯದು ಕಾರವಾರದ ಬೈತಖೋಲದಿಂದ ಬಂದದ್ದು, ಉಪ್ಪುಗಾಳಿಗೆ ನಟ್ಟು ಬೋಲ್ಟುಗಳೆಲ್ಲ ಹಿಟ್ಟಾದ ಗಾಡಿ. ಹೊಗೆ ಎಲ್ಲಿಯೂ ಬರುತ್ತಿಲ್ಲ, ರೇಸ್ ಎರಡು ಸಾವಿರದಿಂದ ಕೆಳಗೆ ಇಳಿಯುತ್ತಿಲ್ಲ. ಬಟರ್‌ಫ್ಲೈ ಶಾಫ್ಟ್ ಸವೆದು ಅಲ್ಲಿಂದ ಗಾಳಿ ಎಳೆಯುತ್ತಿದೆ ಎಂದು ನನ್ನ ಅಂದಾಜು. ಶಾಫ್ಟಿಗೆ ಬುಷ್ ಹಾಕಿಸಲು ಅಂಕೋಲಾದ ಲೇಥಿನವರ ಬಳಿ ಬಾಡಿ ಕೊಟ್ಟು ಮೂರು ವಾರವಾಯಿತು. ಗಾಡಿ ಇನ್ನೂ ನನ್ನ ಅಂಗಡಿಯ ಮೂಲೆಯಲ್ಲಿದೆ, ಪಂಕ್ಚರ್ ಅಂಗಡಿಯವನು ದಿನಾ ಬಂದು ಅದನ್ನು ನೋಡಿಕೊಂಡು ಹೋಗುತ್ತಾನೆ.