ಕಂಪನಿಯೇ ಇಲ್ಲದ ಊರಲ್ಲಿ ಗೇಮ್ ಕನ್ಸೋಲ್ ಕೊಳ್ಳುವುದು ಹೇಗೆ

2015ರ ಜನವರಿಯಲ್ಲಿ ಜಪಾನಿನ ಗೇಮ್ ಕಂಪನಿ ನಿಂಟೆಂಡೊ ಬ್ರೆಜಿಲ್‌ನಲ್ಲಿ ತನ್ನ ಕನ್ಸೋಲ್ ಮತ್ತು ಗೇಮ್‌ಗಳ ಹಂಚಿಕೆಯನ್ನು ನಿಲ್ಲಿಸಿತು. ಆಮದು ಸುಂಕ ಜಾಸ್ತಿ, ಅಲ್ಲೇ ತಯಾರಿಸುವ ಯೋಚನೆ ತನಗಿಲ್ಲ ಎಂದು ಕಂಪನಿ ಕಾರಣ ಕೊಟ್ಟಿತ್ತು. ಅದೇ ದೇಶದಲ್ಲಿ ಮೈಕ್ರೋಸಾಫ್ಟ್ 2011ರಿಂದಲೇ ಮನಾವ್ಸ್ ನಗರದಲ್ಲಿ ಎಕ್ಸ್‌ಬಾಕ್ಸ್ 360 ತಯಾರಿಸಲು ಶುರುಮಾಡಿತ್ತು. 2013ರಲ್ಲಿ ಅಮೆರಿಕದಲ್ಲಿ 399 ಡಾಲರ್ ಇದ್ದ ಸೋನಿಯ ಪಿಎಸ್4 ಕನ್ಸೋಲ್ ಬ್ರೆಜಿಲ್‌ಗೆ ಬಂದಾಗ 3,999 ರಿಯಾಲ್ ಆಯಿತು, ಅಂದಿನ ಲೆಕ್ಕದಲ್ಲಿ ಸುಮಾರು 1,800 ಡಾಲರ್. ನಿಂಟೆಂಡೊ ಅಲ್ಲಿಗೆ ತನ್ನ ಸ್ವಿಚ್ ಕನ್ಸೋಲ್ ಹಿಡಿದು ಅಧಿಕೃತವಾಗಿ ಮರಳಿದ್ದು 2020ರಲ್ಲಿ. ನಡುವಿನ ವರ್ಷಗಳಲ್ಲಿ ಅಲ್ಲಿನ ಆಟಗಾರರಿಗೆ ಇದ್ದ ತಲೆನೋವೇ ಇವತ್ತು ಬೆಂಗಳೂರಿನಲ್ಲಿ ಸ್ವಿಚ್ ಅಥವಾ ಸ್ಟೀಮ್ ಡೆಕ್ ಕೊಳ್ಳುವವರಿಗೆ ಇದೆ. ಸೋನಿ, ಮೈಕ್ರೋಸಾಫ್ಟ್ ಇಲ್ಲಿ ಅಧಿಕೃತವಾಗಿ ಮಾರುತ್ತವೆ. ನಿಂಟೆಂಡೊ ಸ್ವಿಚ್, ವಾಲ್ವ್‌ನ ಸ್ಟೀಮ್ ಡೆಕ್ ಎರಡಕ್ಕೂ ಇಲ್ಲಿ ಅಧಿಕೃತ ಮಾರಾಟವಿಲ್ಲ. ವಸ್ತು ಸಿಗುತ್ತದೆ, ಅದರ ಹಿಂದೆ ನಿಲ್ಲುವ ಕಂಪನಿ ಸಿಗುವುದಿಲ್ಲ. ಹಾಗಾಗಿ ಕೊಳ್ಳುವ ಮುಂಚೆಯೇ ಕಂಪನಿಯ ಕೆಲಸವನ್ನೂ ನೀವೇ ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ತೆರಿಗೆ ಲೆಕ್ಕ

ಅಂಗಡಿಯವರು ಹೇಳುವ ಬೆಲೆ ನ್ಯಾಯವೋ ಅಲ್ಲವೋ ತಿಳಿಯಲು ಈ ಲೆಕ್ಕ ಗೊತ್ತಿರಬೇಕು. ವಿಡಿಯೊ ಗೇಮ್ ಕನ್ಸೋಲ್ ಬರುವುದು 9504 50 ಎಂಬ ಕಸ್ಟಮ್ಸ್ ಶೀರ್ಷಿಕೆಯಡಿ. 2018ರ ಬಜೆಟ್‌ನಲ್ಲಿ ಇದರ ಮೂಲ ಸುಂಕ ಶೇ. 10ರಿಂದ 20ಕ್ಕೆ ಏರಿತು. ಜಿಎಸ್‌ಟಿ ಮಾತ್ರ 2019ರ ಜನವರಿಯಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಸುಂಕದ ಮೇಲೆ ಶೇ. 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್ ಬೇರೆ.

ವಸ್ತುವಿನ ಬೆಲೆ, ಸಾಗಣೆ, ವಿಮೆ ಮೂರನ್ನೂ ಸೇರಿಸಿ 40,000 ರೂಪಾಯಿ ಎಂದುಕೊಳ್ಳಿ. ಮೂಲ ಸುಂಕ 8,000. ಸರ್ಚಾರ್ಜ್ 800. ಅಲ್ಲಿಗೆ 48,800. ಜಿಎಸ್‌ಟಿಯನ್ನು ಹಾಕುವುದು ಈ ಮೊತ್ತದ ಮೇಲೆ, 40,000ದ ಮೇಲಲ್ಲ. ಬಹಳ ಜನ ತಪ್ಪುವುದು ಇಲ್ಲೇ. ಅದು 8,784. ಒಟ್ಟು 57,584 ರೂಪಾಯಿ, ಅಂದರೆ ತೆರಿಗೆಯೇ ಶೇ. 43.96. ಇದರ ಮೇಲೆ ಕೊರಿಯರ್ ಕಂಪನಿಯ ಕ್ಲಿಯರೆನ್ಸ್ ಶುಲ್ಕ ಬೀಳುತ್ತದೆ. ಒಂದೇ ಕನ್ಸೋಲನ್ನು ಸ್ವಂತ ಬಳಕೆಗೆ ತರಿಸಿದರೆ 9804 ಶೀರ್ಷಿಕೆಯಡಿ ಬೇರೆ ದರ ಹಾಕುವುದೂ ಉಂಟು. ಬಜೆಟ್ ಆದಮೇಲೆ ದರಗಳು ಬದಲಾಗುತ್ತವೆ, ಆರ್ಡರ್ ಮಾಡುವ ದಿನ ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ತಾಣದಲ್ಲಿ ಎರಡೂ ಶೀರ್ಷಿಕೆಗಳನ್ನು ನೋಡಿಕೊಳ್ಳಿ.

ಪಾರ್ಸೆಲ್ ಮೇಲೆ "ಗಿಫ್ಟ್" ಎಂದು ಬರೆಸುವ ಉಪಾಯ ಬೇಡ. 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಬೆಲೆ ಕಮ್ಮಿ ತೋರಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು, ಪಾರ್ಸೆಲ್ ಕೈಬಿಟ್ಟೂ ಹೋಗಬಹುದು.

ವಿಮಾನದಲ್ಲಿ ಬರುವವರ ಕೈಲಿ ತರಿಸುವುದಾದರೆ

ನಮ್ಮ ಊರಲ್ಲಿ ಮನೆಗೊಬ್ಬರು ಹೊರದೇಶದಲ್ಲಿರುವುದರಿಂದ ಇದೇ ಹೆಚ್ಚು ನಡೆಯುವ ದಾರಿ, ಅಗ್ಗದ ದಾರಿಯೂ ಹೌದು. 2016ರ ಬ್ಯಾಗೇಜ್ ನಿಯಮಗಳು ಪ್ರಯಾಣಿಕರೊಬ್ಬರಿಗೆ 50,000 ರೂಪಾಯಿವರೆಗೆ ಸುಂಕವಿಲ್ಲದೆ ತರಲು ಬಿಟ್ಟಿದ್ದವು. ಮೇಲ್ಪಟ್ಟದ್ದಕ್ಕೆ ಸರ್ಚಾರ್ಜ್ ಸೇರಿ ಶೇ. 38.5 ಇತ್ತು. ಆ ಲೆಕ್ಕದಲ್ಲಿ 62,000 ರೂಪಾಯಿಯ ಸಾಮಾನಿಗೆ 12,000ದ ಮೇಲೆ ಮಾತ್ರ, ಅಂದರೆ 4,620 ರೂಪಾಯಿ ಸುಂಕ. ಈ ಮಿತಿಯೂ ದರವೂ ಪರಿಷ್ಕರಣೆ ಆಗುತ್ತಿರುತ್ತವೆ, ಪ್ರಯಾಣದ ವಾರ ಕಸ್ಟಮ್ಸ್ ಮಂಡಳಿಯ ತಾಣದಲ್ಲಿ ಖಚಿತಪಡಿಸಿಕೊಳ್ಳಿ.

ಗಂಡ ಹೆಂಡತಿ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ಬಳಸಲು ಬರುವುದಿಲ್ಲ. ಚಾಕೊಲೇಟ್, ಹೊಸ ಬಟ್ಟೆ, ಹೊಸ ಫೋನು ಎಲ್ಲ ಸೇರಿಯೇ ಈ ಮಿತಿ. ತರುವವರಿಗೆ ಅಂಗಡಿಯ ಬಿಲ್ಲನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲು ಹೇಳಿ. ಬಿಲ್ ಇಲ್ಲದಿದ್ದರೆ ದೇವನಹಳ್ಳಿಯ ಕಸ್ಟಮ್ಸ್ ಕೌಂಟರ್‌ನಲ್ಲಿ ಅಧಿಕಾರಿ ಅಂದಾಜು ಮಾಡಿದ್ದೇ ಬೆಲೆ. ಮಿತಿ ದಾಟಿದ್ದರೆ ಕೆಂಪು ಚಾನೆಲ್‌ನಲ್ಲಿ ಹೋಗಿ ಘೋಷಿಸಿ, ಕಟ್ಟಿದ ರಸೀದಿಯನ್ನು ಜೋಪಾನ ಮಾಡಿ. ಮುಂದೆ ಮಾರುವಾಗ ಅದಕ್ಕೆ ಬೆಲೆಯಿದೆ.

ಯಾವ ದೇಶದ್ದು ತರಿಸಬೇಕು

ಮೊದಲ ತಲೆಮಾರಿನ ಸ್ವಿಚ್ ಜಪಾನಿನದ್ದಾದರೂ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಸ್ವಿಚ್ 2 ಹಾಗಲ್ಲ. 2025ರಲ್ಲಿ ಜಪಾನಿನಲ್ಲಿ 49,980 ಯೆನ್‌ಗೆ ಬಂದದ್ದು ಜಪಾನಿ ಭಾಷೆಗೆ ಮಾತ್ರ ಬೀಗ ಹಾಕಿದ ಮಾದರಿ. ಅದರಲ್ಲಿ ಭಾಷೆ ಬದಲಿಸಲು ಆಗದು, ಜಪಾನ್ ಪ್ರದೇಶದ ಖಾತೆ ಬಿಟ್ಟು ಬೇರೆಯದನ್ನು ಜೋಡಿಸಲೂ ಆಗದು. ಬಹುಭಾಷೆಯ ಮಾದರಿಗೆ ಆಗ ಅಲ್ಲಿ 69,980 ಯೆನ್ ಇತ್ತು. ಅಂಗಡಿಯಲ್ಲಿ ಸ್ವಿಚ್ 2 ಅನುಮಾನ ಬರುವಷ್ಟು ಅಗ್ಗವಾಗಿ ಸಿಕ್ಕಿದರೆ ಮೊದಲು ಆನ್ ಮಾಡಿಸಿ ಭಾಷೆಯ ಪಟ್ಟಿ ನೋಡಿ. ಚೀನಾದಲ್ಲಿ ಟೆನ್ಸೆಂಟ್ ಮೂಲಕ ಬಂದ ಹಳೆ ಸ್ವಿಚ್ಚನ್ನೂ ಮುಟ್ಟಬೇಡಿ.

ವಿದ್ಯುತ್ತಿನ ಭಯ ಸ್ವಿಚ್‌ಗೆ ಬೇಡ. ಅದರ ಅಡಾಪ್ಟರ್ ಯಾವ ದೇಶದ್ದಾದರೂ 100ರಿಂದ 240 ವೋಲ್ಟ್ ತಾಳುತ್ತದೆ. ಅಮೆರಿಕ, ಜಪಾನಿನ ಚಪ್ಪಟೆ ಪಿನ್ನಿಗೆ ಒಂದು ಪ್ಲಗ್ ಕನ್ವರ್ಟರ್ ಸಾಕು, ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ಆದರೆ ಕನ್ವರ್ಟರ್ ಬಿಗಿಯಾಗಿ ಕೂರಬೇಕು. ಸಡಿಲವಾದರೆ ಪಿನ್ ಕಿಡಿ ಹಾರಿಸಿ ಕರಕಲಾಗುತ್ತದೆ. ನಿಂಟೆಂಡೊದ ಹಳೆಯ ಅಮೆರಿಕನ್ ವೀ (Wii)ಯಂಥ ಕನ್ಸೋಲ್‌ಗಳ ಅಡಾಪ್ಟರ್ 120 ವೋಲ್ಟಿನದ್ದು, ನಮ್ಮ 230ಕ್ಕೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಅಡಾಪ್ಟರ್ ಮೇಲಿನ ಇನ್‌ಪುಟ್ ಸಾಲನ್ನು ಓದದೆ ಏನನ್ನೂ ಸಿಕ್ಕಿಸಬೇಡಿ. ಡಾಕ್‌ನಲ್ಲಿ, ಅಂದರೆ ಕನ್ಸೋಲ್ ಕೂರಿಸುವ ಪೀಠದಲ್ಲಿಟ್ಟು, ಟಿವಿಗೆ ಹಾಕಲು ಮೊದಲ ಸ್ವಿಚ್‌ಗೆ 15 ವೋಲ್ಟ್ 2.6 ಆಂಪಿಯರ್ ಬೇಕು. ಆ ಹಳೆ ಅಡಾಪ್ಟರ್ ಸ್ವಿಚ್ 2ರ ಡಾಕ್‌ಗೆ ಸಾಲದು. ಕಂಡಕಂಡ ಅಗ್ಗದ ಡಾಕ್ ಕೊಳ್ಳಬೇಡಿ: 2018ರಲ್ಲಿ 5.0 ಅಪ್‌ಡೇಟ್ ಬಂದಾಗ ಬೇರೆ ಕಂಪನಿಯ ಡಾಕ್‌ನಲ್ಲಿಟ್ಟ ಎಷ್ಟೋ ಸ್ವಿಚ್‌ಗಳು ಸತ್ತೇ ಹೋದವು.

ಗಾಂಧಿನಗರದಲ್ಲಿ, ಎಸ್‌ಪಿ ರೋಡಲ್ಲಿ ಕೊಳ್ಳುವಾಗ

ನ್ಯಾಷನಲ್ ಮಾರ್ಕೆಟ್ಟಿಗೋ ಎಸ್‌ಪಿ ರೋಡಿಗೋ ಹೋಗುವಾಗ ಫೋನಿನಲ್ಲಿ ಡೇಟಾ ಇರಲಿ, ಹಾಟ್‌ಸ್ಪಾಟ್ ಬೇಕಾಗುತ್ತದೆ. ಕನ್ಸೋಲಿನ ಸೀರಿಯಲ್ ನಂಬರ್ ಅದರ ಅಂಚಿನ ಮೇಲೆ, ಸಿಸ್ಟಮ್ ಸೆಟ್ಟಿಂಗ್ಸ್ ಒಳಗೆ, ಪೆಟ್ಟಿಗೆಯ ಮೇಲೆ, ಮೂರು ಕಡೆಯೂ ಒಂದೇ ಇರಬೇಕು. ಮೊದಲ ತಲೆಮಾರಿನದರಲ್ಲಿ ಮೂರನೇ ಅಕ್ಷರ ಜೆ ಆದರೆ ಜಪಾನಿನದ್ದು.

ಆಮೇಲೆ ಹಾಟ್‌ಸ್ಪಾಟ್‌ಗೆ ಸೇರಿಸಿ ನಿಂಟೆಂಡೊದ ಆನ್‌ಲೈನ್ ಅಂಗಡಿಯಾದ ಇ-ಶಾಪ್ ತೆರೆಯಿರಿ. ಸ್ವಿಚ್‌ನಲ್ಲಿ 2124-4007 ಎಂಬ ಎರರ್ ಬಂದರೆ ಆ ಕನ್ಸೋಲನ್ನು ನಿಂಟೆಂಡೊ ಆನ್‌ಲೈನ್‌ನಿಂದ ನಿಷೇಧಿಸಿದೆ ಎಂದರ್ಥ. ರಿಸೆಟ್ ಮಾಡಿದರೆ ಹೋಗುತ್ತದೆ ಎಂದು ಅಂಗಡಿಯವರು ಹೇಳಬಹುದು, ಹೋಗುವುದಿಲ್ಲ. ನಿಷೇಧ ಬಿದ್ದಿರುವುದು ಯಂತ್ರದ ಮೇಲೆ. ಅದನ್ನು ಬಿಟ್ಟು ಬನ್ನಿ. ಸೆಕೆಂಡ್ ಹ್ಯಾಂಡ್ ಆದರೆ ಎರಡೂ ಸ್ಟಿಕ್ಕುಗಳನ್ನು ಕ್ಯಾಲಿಬ್ರೇಶನ್ ಪರದೆಯಲ್ಲಿ ತಿರುಗಿಸಿ ಕೈಬಿಡಿ. ಗುರುತು ನಡುವೆ ನಿಲ್ಲದೆ ಜಾರಿದರೆ ಜಾಯ್-ಕಾನ್ (ಸ್ವಿಚ್‌ನ ಕಂಟ್ರೋಲರ್) ಡ್ರಿಫ್ಟ್, ಅಂದರೆ ಸ್ಟಿಕ್ ತಾನಾಗೇ ಜಾರುವ ದೋಷ ಇದೆ, ಬೆಲೆ ಇಳಿಸಿ ಕೇಳಿ.

ಮೆಮೊರಿ ಕಾರ್ಡನ್ನು ಅಲ್ಲೇ ಅವಸರದಲ್ಲಿ ಕೊಳ್ಳಬೇಡಿ. ಸ್ವಿಚ್ 2ರಲ್ಲಿ ಗೇಮ್ ಇಡಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ನಕಲಿ ಕಾರ್ಡು ಪೂರ್ತಿ ಜಾಗ ಇದೆ ಎಂದು ಸುಳ್ಳು ತೋರಿಸಿ, ತುಂಬುತ್ತಾ ಬಂದಂತೆ ಡೇಟಾ ಕೆಡಿಸುತ್ತದೆ. ಕಂಪ್ಯೂಟರ್‌ಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಂತ್ರಾಂಶದಿಂದ ಪೂರ್ತಿ ಬರೆಸಿ ಓದಿಸಿದರೆ ಬಣ್ಣ ಬಯಲಾಗುತ್ತದೆ.

ಜಿಎಸ್‌ಟಿ ಬಿಲ್ ಪಡೆಯಿರಿ, ಅದರಲ್ಲಿ ಸೀರಿಯಲ್ ನಂಬರ್ ಬರೆಸಿ. ಅಂಗಡಿಯ ವಾರಂಟಿ ಎಷ್ಟು ತಿಂಗಳು, ಯಾವುದಕ್ಕೆ ಎಂಬುದನ್ನೂ ಅದರ ಮೇಲೇ ಬರೆಸಿ. ಕಂಪನಿ ವಾರಂಟಿ ಇಲ್ಲಿ ನಡೆಯದು. "ಬಿಲ್ ಬೇಡ ಅಂದ್ರೆ ಕಮ್ಮಿಗೆ ಕೊಡ್ತೀನಿ" ಅನ್ನುವ ಕಡೆ ಉಳಿಯುವ ಹಣಕ್ಕಿಂತ ಕಳೆದುಕೊಳ್ಳುವ ಹಕ್ಕು ದೊಡ್ಡದು. ಬಿಲ್ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಗ್ರಾಹಕರ ಆಯೋಗಕ್ಕೂ ಹೋಗಬಹುದು. ಐದು ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಖಾತೆ, ಗೇಮ್, ರಿಪೇರಿ

ಇ-ಶಾಪ್ ದೇಶಗಳಲ್ಲಿ ಭಾರತ ಇಲ್ಲ. ಹೆಚ್ಚಿನವರು ಅಮೆರಿಕದ ಖಾತೆ ಇಟ್ಟುಕೊಳ್ಳುತ್ತಾರೆ. ಜಪಾನಿನ ಇ-ಶಾಪ್ 2025ರ ಮಾರ್ಚ್ 25ರಿಂದ ಹೊರದೇಶದ ಕಾರ್ಡ್ ತೆಗೆದುಕೊಳ್ಳುತ್ತಿಲ್ಲ. ನಿಮ್ಮ ಕಾರ್ಡಿಗೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಮಾಡದೆ ಪಾವತಿ ಹೋಗದು. ಪ್ರೀಪೇಯ್ಡ್ ಕೋಡ್ ಕೊಳ್ಳುವುದಾದರೆ ಖಾತೆಯ ದೇಶದ್ದೇ ಇರಲಿ, ದೇಶ ಬದಲಿಸುವ ಮುಂಚೆ ಬ್ಯಾಲೆನ್ಸ್ ಖಾಲಿ ಮಾಡಿ. ಗೇಮ್ ಇರುವ ಕಾರ್ಟ್ರಿಜ್ ಯಾವ ದೇಶದ್ದಾದರೂ ನಡೆಯುತ್ತದೆ, ಆದರೆ ಅದರ ಡಿಎಲ್‌ಸಿ (ಡೌನ್‌ಲೋಡ್ ಮಾಡಿ ಸೇರಿಸುವ ಹೆಚ್ಚುವರಿ ಭಾಗ) ಕಾರ್ಟ್ರಿಜ್‌ನ ಪ್ರದೇಶಕ್ಕೇ ಹೊಂದಬೇಕಾದ ಗೇಮ್‌ಗಳು ಬೇಕಾದಷ್ಟಿವೆ. ಯುರೋಪ್ ಕಾರ್ಟ್ರಿಜ್ ಹಾಕಿ ಅಮೆರಿಕದ ಇ-ಶಾಪ್‌ನಲ್ಲಿ ಡಿಎಲ್‌ಸಿ ಕೊಂಡರೆ ಹಣ ನೀರುಪಾಲು. ಕೊಳ್ಳುವಾಗಲೇ ಕಾರ್ಟ್ರಿಜ್ ಮತ್ತು ಖಾತೆ ಒಂದೇ ಪ್ರದೇಶದ್ದಾಗಿರಲಿ.

ಮೊದಲ ಸ್ವಿಚ್‌ನ ಡ್ರಿಫ್ಟ್ ಆದ ಸ್ಟಿಕ್ಕನ್ನು ಮನೆಯಲ್ಲೇ ಬದಲಿಸಬಹುದು. ಬೇಕಾದದ್ದು ವೈ00 ಟ್ರೈ-ವಿಂಗ್ ಸ್ಕ್ರೂಡ್ರೈವರ್, ಸಣ್ಣ ಫಿಲಿಪ್ಸ್, ತೆಳು ಪ್ಲಾಸ್ಟಿಕ್ ಪಟ್ಟಿ, ಹೊಸ ಸ್ಟಿಕ್. ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಮಾದರಿ ಹಾಕಿ, ಅದರಲ್ಲಿ ಉಜ್ಜಿ ಸವೆಯುವ ಕಾರ್ಬನ್ ಪಟ್ಟಿ ಇಲ್ಲ. ಹಿಂಬದಿಯ ನಾಲ್ಕು ಟ್ರೈ-ವಿಂಗ್ ಸ್ಕ್ರೂ ತೆಗೆದು ಜಾಯ್-ಕಾನನ್ನು ಪುಸ್ತಕದಂತೆ ನಿಧಾನ ಬಿಡಿಸಿ, ಎರಡು ಭಾಗಗಳನ್ನು ರಿಬ್ಬನ್ ಕೇಬಲ್‌ಗಳು ಹಿಡಿದಿರುತ್ತವೆ. ಮೊದಲು ಬ್ಯಾಟರಿ ಕನೆಕ್ಟರ್ ಕಳಚಿ. ನಡುವಿನ ಚೌಕಟ್ಟಿನ ಮೂರು ಸ್ಕ್ರೂ, ಆಮೇಲೆ ಸ್ಟಿಕ್ ಹಿಡಿದ ಎರಡು. ಕೆಲಸ ಕೆಡುವುದು ರಿಬ್ಬನ್ ಬೀಗದಲ್ಲಿ: ಅದನ್ನು ಮೇಲಕ್ಕೆ ಎತ್ತಬೇಕು, ಎಳೆಯಬಾರದು, ಮುರಿದರೆ ಇಡೀ ಬೋರ್ಡೇ ಹೋಯಿತು. ಸಾದಾ ಸ್ಕ್ರೂಡ್ರೈವರ್‌ನಿಂದ ಟ್ರೈ-ವಿಂಗ್ ತಿರುಗಿಸಿದರೆ ತಲೆ ಸವೆದು ಸ್ಕ್ರೂ ಹೊರಬಾರದು. ಮತ್ತೆ ಜೋಡಿಸಿದ ಮೇಲೆ ಸೆಟ್ಟಿಂಗ್ಸ್‌ನ ಕಂಟ್ರೋಲರ್ ವಿಭಾಗದಲ್ಲಿ ಸ್ಟಿಕ್ ಕ್ಯಾಲಿಬ್ರೇಟ್ ಮಾಡಿ. ಅದು ಆಗುವವರೆಗೆ ಹೊಸ ಸ್ಟಿಕ್ಕೂ ಹಳೆಯದರಂತೆಯೇ ಜಾರಬಹುದು.